ಸೊಂಟದ .32 ರಿವಾಲ್ವರ್ ಸಾಕು, ಅದನ್ನು ಹಾರಿಸಿ ಕಲಿಯಲು ಜಾಗ ಕೊಡಿ

ಸಂಪಾದಕರೇ, ನಮಸ್ಕಾರ.

ಆತ್ಮರಕ್ಷಣೆಗೆ ಅಂತ ರಿವಾಲ್ವರ್ ಲೈಸೆನ್ಸ್ ಕೇಳುವವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಸುದ್ದಿ ಓದಿದೆ. ಅದೇ ದಿನ ಸಂಜೆ ನಮ್ಮ ಅಣ್ಣನ ಮಗ ಮೊಬೈಲ್ ಹಿಡಿದುಕೊಂಡು ಬಂದು, 'ಕಾಕಾ, ನಿಮ್ಮ .32 ಯಾತಕ್ಕೂ ಬರಲ್ಲವಂತೆ, ಈ ವಿಡಿಯೊ ನೋಡ್ರಿ' ಅಂದ. ವಿಡಿಯೊದಲ್ಲಿ ಒಬ್ಬ ಅಮೆರಿಕದವನು ಜೆಲ್ಲಿಯಂಥ ಗಟ್ಟಿ ದಿಮ್ಮಿಗೆ ಒಂದೊಂದು ಸೈಜಿನ ಗುಂಡು ಹೊಡೆದು, ಯಾವುದು ಎಷ್ಟು ಇಂಚು ಒಳಗೆ ಹೋಯಿತು ಅಂತ ಅಳೆದು ತೋರಿಸುತ್ತಿದ್ದ. ಅವನು ತೋರಿಸಿದ್ದು ಸುಳ್ಳಲ್ಲ. ಆದರೆ ಅವನ ಊರು ಬೇರೆ, ನಮ್ಮ ಕಲಬುರಗಿ ಬೇರೆ, ಕಾನೂನಂತೂ ಪೂರ್ತಿ ಬೇರೆ. ಲೈಸೆನ್ಸ್ ಕೇಳುವ ನಮ್ಮ ಹುಡುಗರು, ವ್ಯಾಪಾರಿಗಳು ಈ ವಿಡಿಯೊಗಳನ್ನು ನೋಡಿ ಕಾರ್ತೂಸಿನ ಸೈಜಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡ್ತಾರೆ, ಆದರೆ ಆ ಕಾರ್ತೂಸನ್ನು ಜನ್ಮದಲ್ಲಿ ಒಂದು ಸಲವಾದರೂ ಹಾರಿಸಿ ನೋಡಿದ್ದೀರಾ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಅದಕ್ಕೇ ಈ ಪತ್ರ.

ನಾನು ಇಲ್ಲಿ ದಾಲ್ ಮಿಲ್ ನಡೆಸುವವನು. 2006ರ ಜನವರಿ, ತೊಗರಿ ಸುಗ್ಗಿಯ ಕಾಲ. ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಲೆಕ್ಕ ಮುಗಿಸಿ ರಾತ್ರಿ ಒಂಬತ್ತರ ಸುಮಾರಿಗೆ ಸ್ಕೂಟರಿನ ಡಿಕ್ಕಿಯಲ್ಲಿ ರೊಕ್ಕ ಇಟ್ಟುಕೊಂಡು ಮಿಲ್ಲಿಗೆ ಹೊರಟಿದ್ದೆ. ಬೈಕಿನಲ್ಲಿ ಬಂದ ಇಬ್ಬರು ಅಡ್ಡ ಹಾಕಿದರು. ಒಬ್ಬನ ಕೈಯಲ್ಲಿ ಮಚ್ಚು, ಇನ್ನೊಬ್ಬನ ಕೈಯಲ್ಲಿ ಕಬ್ಬಿಣದ ರಾಡ್. ರೊಕ್ಕ ಹೋಯಿತು, ಎಡಗೈ ಮೊಣಕೈ ಮುರಿಯಿತು. ಇವತ್ತಿಗೂ ಚಳಿಗಾಲದಲ್ಲಿ ಆ ಕೈ ಮೇಲೆತ್ತಲು ಕಷ್ಟ. ಮರುವರ್ಷ ಲೈಸೆನ್ಸ್ ಸಿಕ್ಕಿತು, ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ .32 ರಿವಾಲ್ವರ್ ತಂದೆ. ಹಾಗಾಗಿ ಬಂದೂಕು ಯಾಕೆ ಬೇಕು ಅಂತ ನನ್ನನ್ನು ಯಾರೂ ಕೇಳಬೇಕಿಲ್ಲ. ಅದು ಇದ್ದರೆ ಸಾಕು ಅಂದುಕೊಂಡಿದ್ದೆನಲ್ಲ, ಅಲ್ಲೇ ತಪ್ಪಿದ್ದು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಾನೂನು. ವಿಡಿಯೊದವರು ಹಗಲೂ ರಾತ್ರಿ ಹೊಗಳುವ 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್ (ಬೋರ್ ಅಂದರೆ ನಳಿಕೆಯ ಒಳ ಅಗಲ, .32 ಅನ್ನುವುದು ಇಂಚಿನಲ್ಲಿ ಅದರ ಅಳತೆ). ಅದು ಸೈನ್ಯ, ಪೊಲೀಸರು ಬಳಸುವ ಗುಂಡು. ಹಳೆಯ .38 ಮತ್ತು .455 ಸರ್ವಿಸ್ ರಿವಾಲ್ವರ್‌ಗಳ ಕಥೆಯೂ ಅದೇ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು ಇದನ್ನು ಸ್ಪಷ್ಟವಾಗಿ ವಿಂಗಡಿಸಿವೆ. ನಮ್ಮಂಥವರಿಗೆ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಆಯುಕ್ತರು ಲೈಸೆನ್ಸ್ ಕೊಡುವುದು ನಿಷೇಧಿತವಲ್ಲದ ಬೋರಿಗೆ ಮಾತ್ರ. ಅಂಗಡಿಗೆ ಹೋದರೆ ಕೈಗೆ ಸಿಗುವುದು .32 ರಿವಾಲ್ವರ್, .32 ಪಿಸ್ತೂಲು, ಮತ್ತೆ .22. ಎಲ್ಲೋ ಒಂದೊಂದು ಹಳೆಯ .25 ಇರುತ್ತದೆ, ಆದರೆ ಅದಕ್ಕೆ ಕಾರ್ತೂಸ್ ಹುಡುಕಿಕೊಂಡು ಊರೂರು ತಿರುಗಬೇಕು. ವಿದೇಶಿ ಬಂದೂಕು ಖಾಸಗಿಯವರು ತರಿಸಿಕೊಳ್ಳುವುದು 1980ರ ದಶಕದಲ್ಲೇ ನಿಂತಿದೆ. ಅದರಿಂದ ಹಿಂದೆ ಬಂದ ಹಳೆಯ ಜರ್ಮನಿ, ಇಂಗ್ಲೆಂಡಿನ ಪಿಸ್ತೂಲುಗಳು ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ಹೋಗುತ್ತವೆ. ಅದಕ್ಕೆ ರೊಕ್ಕ ಸುರಿಯಬೇಡಿ ಅನ್ನೋದು ನನ್ನ ಮಾತು. ಸ್ಪ್ರಿಂಗ್ ಒಂದು ಹೋದರೆ ಅದರ ಬಿಡಿಭಾಗ ಎಲ್ಲಿಂದ ತರ್ತೀರಿ?

ಅಂದರೆ ನಮ್ಮ ಮುಂದೆ ಇರುವ ಆಯ್ಕೆಯೇ ಎರಡೂವರೆ. ಅದರಲ್ಲಿ ಯಾವುದು ಒಳ್ಳೆಯದು ಅಂತ ನೋಡೋಣ.

.32 ರಿವಾಲ್ವರ್ ಕಾರ್ತೂಸು 1896ರ ಸುಮಾರಿಗೆ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಕಂಪನಿಯವರದು. 98 ಗ್ರೇನ್ ಸೀಸದ ಗುಂಡು, ಅಂದರೆ ಆರು ಗ್ರಾಂಗಿಂತ ಸ್ವಲ್ಪ ಜಾಸ್ತಿ. ಸೆಕೆಂಡಿಗೆ ಸುಮಾರು 215 ಮೀಟರ್ ವೇಗ. .32 ಪಿಸ್ತೂಲಿನ ಕಾರ್ತೂಸು ಜಾನ್ ಬ್ರೌನಿಂಗ್ ಮಾಡಿದ್ದು, 1899ರಲ್ಲಿ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಪಿಸ್ತೂಲಿನ ಜೊತೆ ಬಂತು. ಅದರ ಗುಂಡು ಹಗುರ, 71 ಗ್ರೇನ್, ತಾಮ್ರದ ಹೊದಿಕೆ ಇರುತ್ತದೆ, ವೇಗ 275 ಮೀಟರ್ ಹತ್ತಿರ. ಶಕ್ತಿ ಲೆಕ್ಕ ಹಾಕಿದರೆ ರಿವಾಲ್ವರಿನದು ಸುಮಾರು 150 ಜೌಲ್, ಪಿಸ್ತೂಲಿನದು 175 ಜೌಲ್ ಆಸುಪಾಸು. .22 ಚಿಕ್ಕ ನಳಿಕೆಯ ರಿವಾಲ್ವರಿನಿಂದ ಹೊರಟರೆ 100ರ ಹತ್ತಿರ. .25 ಅದಕ್ಕಿಂತಲೂ ಕಡಿಮೆ. 9 ಎಂಎಂ 450 ದಾಟುತ್ತದೆ. ಲೆಕ್ಕದಲ್ಲಿ ನೋಡಿದರೆ ಅಣ್ಣನ ಮಗ ಹೇಳಿದ್ದು ಸರಿ, .32 ಚಿಕ್ಕದು. ಆದರೆ ನಮಗೆ ಸಿಗುವ ಎರಡು .32ಗಳ ನಡುವೆ ಇಪ್ಪತ್ತೈದು ಜೌಲಿಗೆ ಜಗಳ ಆಡುವುದರಲ್ಲಿ ಅರ್ಥ ಇಲ್ಲ.

ಹಾಗಂತ ಈ ಗುಂಡನ್ನು ಆಟಿಕೆ ಅಂತ ಯಾರೂ ತಿಳಿಯಬೇಡಿ. ಪಿಸ್ತೂಲಿನ .32ಕ್ಕೆ ಯುರೋಪಿನಲ್ಲಿ 7.65 ಎಂಎಂ ಅಂತ ಹೆಸರು. ಜರ್ಮನಿಯ ಪೊಲೀಸರು ವಾಲ್ಥರ್ ಪಿಸ್ತೂಲಿನಲ್ಲಿ ಇದನ್ನೇ ದಶಕಗಟ್ಟಲೆ ಇಟ್ಟುಕೊಂಡಿದ್ದರು. ಅಷ್ಟು ದೂರ ಯಾಕೆ ಹೋಗಬೇಕು? 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದು 7.65 ಎಂಎಂ ನಾಡ ಪಿಸ್ತೂಲಿನ ಗುಂಡುಗಳೇ. ಕಲಬುರ್ಗಿ ಸರ್ ನಮ್ಮ ಭಾಗಕ್ಕೂ ಬೇಕಾದವರು, ವಚನಗಳನ್ನು ಓದುವ ಪ್ರತಿ ಮನೆಗೂ ಬೇಕಾದವರು. ಆ ಸುದ್ದಿ ಬಂದ ಬೆಳಗ್ಗೆ ನಾನು ಡ್ರಾಯರ್ ತೆಗೆದು ನನ್ನ ಕಾರ್ತೂಸುಗಳನ್ನು ಅಂಗೈ ಮೇಲೆ ಹಾಕಿಕೊಂಡು ಬಹಳ ಹೊತ್ತು ಕೂತಿದ್ದೆ. ಕಿರುಬೆರಳಿನ ಎರಡು ಗಿಣ್ಣಿನಷ್ಟು ಉದ್ದ ಇಲ್ಲ. ಚಿಕ್ಕ ಗುಂಡು ಅನ್ನುವ ಮಾತನ್ನು ಅವತ್ತಿನಿಂದ ನಾನು ಹಗುರವಾಗಿ ಆಡಿಲ್ಲ.

ಈಗ ನನ್ನ ತಪ್ಪಿನ ವಿಷಯ. 2007ರಲ್ಲಿ ತಂದ ರಿವಾಲ್ವರಿನಲ್ಲಿ ನಾನು ಹನ್ನೆರಡು ವರ್ಷ ಒಂದೂ ಗುಂಡು ಹಾರಿಸಿರಲಿಲ್ಲ. ನಂಬ್ತೀರಾ? ಹಬ್ಬಕ್ಕೆ ಆಯುಧ ಪೂಜೆಯಲ್ಲಿ ಇಟ್ಟು ಕುಂಕುಮ ಹಚ್ಚಿದ್ದೇನೆ, ಎಣ್ಣೆ ಬಟ್ಟೆಯಲ್ಲಿ ಒರೆಸಿದ್ದೇನೆ, ಸುಗ್ಗಿಯಲ್ಲಿ ದಿನವೂ ಸೊಂಟಕ್ಕೆ ಕಟ್ಟಿದ್ದೇನೆ. ಹಾರಿಸಿಲ್ಲ. ಎಲ್ಲಿ ಹಾರಿಸಬೇಕು? ಹೊಲದಲ್ಲಿ ಹಾರಿಸಿದರೆ ಮಾರನೇ ದಿನ ಪೊಲೀಸರು ಮನೆಗೆ ಬರ್ತಾರೆ, ಬರಲೂಬೇಕು. ಕಾರ್ತೂಸು ದುಬಾರಿ, ಖರ್ಚಾದದ್ದಕ್ಕೆ ಲೆಕ್ಕ ಕೇಳಿದರೆ ಏನು ಹೇಳೋದು ಅನ್ನುವ ಭಯ ಬೇರೆ. 2019ರಲ್ಲಿ ಸೈನ್ಯದಿಂದ ನಿವೃತ್ತರಾದ ಗೆಳೆಯರೊಬ್ಬರು ಬಲವಂತ ಮಾಡಿ ಹೈದರಾಬಾದಿನ ಒಂದು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದರು. ನನ್ನ ಲೈಸೆನ್ಸು ತೆಲಂಗಾಣಕ್ಕೂ ಊರ್ಜಿತ ಇರುವುದರಿಂದ ಸಾಧ್ಯವಾಯಿತು.

ರಿವಾಲ್ವರಿನ ತಿರುಗುವ ಸಿಲಿಂಡರಿನಲ್ಲಿ ಇದ್ದವು ಅದೇ ಹಳೆಯ ಆರು ಕಾರ್ತೂಸು. ಹತ್ತು ಹೆಜ್ಜೆ ದೂರದಲ್ಲಿ ಮನುಷ್ಯನ ಎದೆಯಗಲದ ಹಲಗೆ. ಮೊದಲನೆಯದು ಟಕ್ ಅಂತು, ಗುಂಡು ಹಾರಲಿಲ್ಲ. ಉಳಿದ ಐದು ಹಾರಿದವು, ಹಲಗೆಗೆ ತಾಗಿದ್ದು ಎರಡು. ಉಳಿದ ಮೂರು ಹಿಂದಿನ ಮಣ್ಣಿನ ದಿಬ್ಬಕ್ಕೆ. ಅಲ್ಲಿ ದಿಬ್ಬದ ಬದಲು ಗಂಜಿನ ಹಮಾಲರು ಇದ್ದಿದ್ದರೆ? ಚಹದ ಅಂಗಡಿ ಇದ್ದಿದ್ದರೆ? ನನ್ನ ಕೈ ನಡುಗಿದ್ದು ಗುಂಡಿನ ಸದ್ದಿಗೆ ಅಲ್ಲ, ಈ ಯೋಚನೆಗೆ. ಹಾರದೆ ಉಳಿದ ಕಾರ್ತೂಸನ್ನು ಗೆಳೆಯರು ಅರ್ಧ ನಿಮಿಷ ಹಾಗೇ ನಳಿಕೆ ದಿಬ್ಬದ ಕಡೆ ಇಟ್ಟುಕೊಂಡು ಕಾದು ಆಮೇಲೆ ಹೊರಗೆ ತೆಗೆದರು. ಹಿತ್ತಾಳೆಯ ಕೇಸಿನ ಅಂಚಿಗೆಲ್ಲ ಹಸಿರು ಕಿಲುಬು ಕಟ್ಟಿತ್ತು. ಹನ್ನೆರಡು ಬೇಸಿಗೆಯ ಬೆವರು ಅದು. ಕಲಬುರಗಿಯ ಬೇಸಿಗೆ ನಿಮಗೆ ಗೊತ್ತೇ ಇದೆ, ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಹೊಸದಲ್ಲ. ಸೊಂಟದಲ್ಲಿ ಚರ್ಮದ ಪಟ್ಟಿಯೊಳಗೆ, ಬೆವರಿನಲ್ಲಿ ನೆನೆದು ಒಣಗಿ, ಮತ್ತೆ ನೆನೆದು ಒಣಗಿ, ಆ ಕಾರ್ತೂಸುಗಳು ಹಾಳಾಗಿದ್ದವು. ದಿನಾ ಕಟ್ಟಿಕೊಳ್ಳುವವರು ವರ್ಷಕ್ಕೊಮ್ಮೆಯಾದರೂ ಆ ಆರನ್ನು ಅಭ್ಯಾಸಕ್ಕೆ ಹಾರಿಸಿ ಹೊಸದು ತುಂಬಬೇಕು. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅಂತೂ ಇಡಲೇಬೇಡಿ.

ಅವತ್ತು ಇನ್ನೊಂದು ವಿಷಯ ಕಣ್ಣಾರೆ ಕಂಡೆ. ಮೊದಲ ಕಾರ್ತೂಸು ಟಕ್ ಅಂದಾಗ ನಾನು ಮಾಡಿದ್ದು ಇಷ್ಟೇ, ಟ್ರಿಗರ್ ಇನ್ನೊಮ್ಮೆ ಎಳೆದೆ. ಸಿಲಿಂಡರ್ ತಿರುಗಿತು, ಮುಂದಿನದು ಹಾರಿತು. ರೇಂಜಿನಲ್ಲಿ ಹಾಗೆ ಮಾಡಬಾರದು, ಕಾಯಬೇಕು ಅಂತ ಗೆಳೆಯರು ಗದರಿದರು, ಅದು ಸರಿ. ಆದರೆ ಜೀವ ಹೋಗುವ ಹೊತ್ತಿನಲ್ಲಿ ಇದೇ ರಿವಾಲ್ವರಿನ ದೊಡ್ಡ ಗುಣ. ಪಿಸ್ತೂಲಿನಲ್ಲಿ ಕಾರ್ತೂಸು ಹಾರದಿದ್ದರೆ ಎರಡೂ ಕೈ ಬೇಕು, ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆದು ಕೆಟ್ಟದ್ದನ್ನು ಹೊರಗೆ ಹಾಕಬೇಕು. ನನ್ನ ಎಡಗೈ ಮುರಿದಿತ್ತು ಅಂತ ಹೇಳಿದೆನಲ್ಲ. ಮಚ್ಚು ಹಿಡಿದವನು ಎದುರಿಗಿದ್ದಾಗ ಎರಡನೇ ಕೈ ಖಾಲಿ ಇರುತ್ತದೆ ಅಂತ ಯಾರು ಹೇಳಿದರು? ಅದೂ ಅಲ್ಲದೆ .32 ಪಿಸ್ತೂಲಿನ ಕಾರ್ತೂಸಿನ ತಳದಲ್ಲಿ ಸಣ್ಣ ಅಂಚು ಇರುತ್ತದೆ. ಮ್ಯಾಗಜಿನ್ (ಕಾರ್ತೂಸು ಹಾಕುವ ಪೆಟ್ಟಿಗೆ) ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಕಾರ್ತೂಸು ಮೇಲೇರುವುದಿಲ್ಲ, ಪಿಸ್ತೂಲು ಅಲ್ಲಿಗೇ ನಿಂತುಬಿಡುತ್ತದೆ. ಗೊತ್ತಿದ್ದವರು ಮೇಲಿನದರ ಅಂಚು ಯಾವಾಗಲೂ ಕೆಳಗಿನದರ ಮುಂದೆ ಬರುವ ಹಾಗೆ ಜೋಡಿಸಿ ತುಂಬುತ್ತಾರೆ. ಪಿಸ್ತೂಲು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ತೆಳ್ಳಗೆ, ಅಂಗಿಯೊಳಗೆ ಚೆನ್ನಾಗಿ ಕೂರುತ್ತದೆ, ಗುಂಡೂ ಜಾಸ್ತಿ ಹಿಡಿಯುತ್ತದೆ. ತಿಂಗಳಿಗೊಮ್ಮೆ ಅಭ್ಯಾಸ ಮಾಡುವವರಿಗೆ ಅದು ಸರಿ. ವರ್ಷಕ್ಕೊಮ್ಮೆಯೂ ಮುಟ್ಟದವರಿಗೆ ರಿವಾಲ್ವರೇ ಇರಲಿ.

ಒಂದು ಎಚ್ಚರಿಕೆ. ಎರಡಕ್ಕೂ .32 ಅನ್ನುವ ಹೆಸರು ಇದ್ದ ಮಾತ್ರಕ್ಕೆ ಕಾರ್ತೂಸು ಒಂದೇ ಅಲ್ಲ. ರಿವಾಲ್ವರಿನದು ಉದ್ದ, ತಳದಲ್ಲಿ ಅಗಲ ಅಂಚು. ಪಿಸ್ತೂಲಿನದು ಗಿಡ್ಡ. ಅಂಗಡಿಯಲ್ಲಿ ಬರೀ '.32 ಕೊಡ್ರಿ' ಅನ್ನದೆ ರಿವಾಲ್ವರಿಗೋ ಪಿಸ್ತೂಲಿಗೋ ಅಂತ ಬಾಯಿ ಬಿಟ್ಟು ಹೇಳಿ, ಡಬ್ಬದ ಮೇಲಿನ ಅಕ್ಷರ ಓದಿ ತನ್ನಿ.

ನಮ್ಮ ತಂಗಿ ಸೇಡಂನಲ್ಲಿ ಗೊಬ್ಬರದ ಅಂಗಡಿ ನಡೆಸುತ್ತಾಳೆ. ಭಾವ ತೀರಿಕೊಂಡ ಮೇಲೆ ಒಬ್ಬಳೇ. ಅವಳಿಗೆ ಲೈಸೆನ್ಸ್ ಮಂಜೂರಾದಾಗ ನಾನೂ ಜೊತೆಗೆ ಬಂದೂಕಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಖಾಲಿ .32 ರಿವಾಲ್ವರ್ ಕೈಗಿಟ್ಟು, 'ಅಕ್ಕಾರ, ಗೋಡೆ ಕಡೆ ಹಿಡಿದು ಟ್ರಿಗರ್ ಎಳೆದು ನೋಡ್ರಿ' ಅಂದರು. ಕುದುರೆ (ಕಾರ್ತೂಸಿಗೆ ಬಡಿಯುವ ಹಿಂದಿನ ಸುತ್ತಿಗೆ) ಹಿಂದಕ್ಕೆ ಎಳೆಯದೆ ನೇರ ಟ್ರಿಗರ್ ಎಳೆಯಲು ಹೋದಳು, ಅರ್ಧಕ್ಕೇ ನಿಂತಿತು. ಬೆರಳಿನ ತುದಿ ಬೆಳ್ಳಗಾಯಿತು. ಇನ್ನೊಮ್ಮೆ ಎರಡೂ ಕೈಯಲ್ಲಿ ಹಿಡಿದು ಎಳೆದಳು, ಬಂತು, ಆದರೆ ನಳಿಕೆ ಒಂದು ಗೇಣು ಎಡಕ್ಕೆ ಹೊರಳಿತು. ಮೂರನೇ ಸಲ ಬೆರಳಿನ ತುದಿಯ ಬದಲು ಮೊದಲ ಗಿಣ್ಣಿನ ಗೆರೆ ಟ್ರಿಗರಿನ ಮೇಲೆ ಬರುವ ಹಾಗೆ ಇಟ್ಟುಕೊಂಡಳು, ಆಗ ಸ್ವಲ್ಪ ಹಿಡಿತಕ್ಕೆ ಬಂತು. ಕಾರ್ತೂಸಿನ ಆಯ್ಕೆ ಅಂತ ನಾವು ಮಾತಾಡುವುದೆಲ್ಲ ನಿಜವಾಗಿ ನಿಂತಿರುವುದು ಈ ಬೆರಳಿನ ಮೇಲೆ. ಎಳೆಯಲು ಆಗದ ಟ್ರಿಗರಿನ ಮುಂದೆ ಯಾವ ಗುಂಡು ಇದ್ದರೇನು?

ಹೆಂಗಸರಿಗೆ ಅಂತಲೇ ಸರ್ಕಾರಿ ಕಾರ್ಖಾನೆಯವರು 2014ರಲ್ಲಿ 'ನಿರ್ಭೀಕ್' ತಂದಿದ್ದರು, ಅದೂ .32, ಸುಮಾರು ಅರ್ಧ ಕೆ.ಜಿ. ತೂಕ. ಅವತ್ತಿನ ಬೆಲೆಯೇ 1.22 ಲಕ್ಷ ರೂಪಾಯಿ. ಅಷ್ಟು ಕೊಡುವ ಶಕ್ತಿ ನಮ್ಮ ಭಾಗದ ಎಷ್ಟು ಹೆಣ್ಣುಮಕ್ಕಳಿಗಿದೆ? ಆಮೇಲೆ ಇಶಾಪುರದ ಕಾರ್ಖಾನೆಯಿಂದ 'ನಿಡರ್' ಬಂತು, .22, ಎಂಟು ಗುಂಡು ಹಿಡಿಯುತ್ತದೆ, ತೂಕ ಕಾಲು ಕೆ.ಜಿ. ಮಾತ್ರ. 2023ರಲ್ಲಿ ಕಾನ್ಪುರದಿಂದ 'ಪ್ರಬಲ್' ಬಂದಿದೆ, .32, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ನಮ್ಮ ಹಳೆಯದರ ಹಾಗೆ ನಡು ಬಗ್ಗಿಸಿ ತೆರೆಯಬೇಕಿಲ್ಲ.

.22 ಬಗ್ಗೆ ಎರಡು ಮಾತು ಹೇಳಲೇಬೇಕು. ಕೈಗೆ ಹೊಡೆತ ಇಲ್ಲ, ಕಾರ್ತೂಸು .32ಕ್ಕಿಂತ ತುಂಬಾ ಅಗ್ಗ, ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಅದರ ಬೆಂಕಿ ಹತ್ತಿಸುವ ಮದ್ದು ಕೇಸಿನ ತಳದ ಅಂಚಿನ ಒಳಗೆ ಸುತ್ತಲೂ ಹರಡಿರುತ್ತದೆ, ನಡುವೆ ಬೇರೆ ಕ್ಯಾಪ್ ಇರುವುದಿಲ್ಲ. ಅಂಚಿನಲ್ಲಿ ಒಂದು ಕಡೆ ಮದ್ದು ಸರಿಯಾಗಿ ಹರಡಿರದಿದ್ದರೆ ಹಾರುವುದಿಲ್ಲ. ಅದಕ್ಕೆ .22 ಟಕ್ ಅನ್ನುವುದು .32ಕ್ಕಿಂತ ಜಾಸ್ತಿ. ಗುಂಡೂ ಹಗುರ, ಎರಡೂವರೆ ಗ್ರಾಂ ಚಿಲ್ಲರೆ. ಆದ್ದರಿಂದ .32ರ ಟ್ರಿಗರ್ ಎಳೆಯಲು ಆಗುವವರು .32 ತಗೊಳ್ಳಿ. ವಯಸ್ಸಾದವರು, ಕೈಗೆ ವಾತ ಇರುವವರು, ಎಷ್ಟು ಪ್ರಯತ್ನಿಸಿದರೂ ಹಿಡಿತ ಸಿಗದವರು .22 ರಿವಾಲ್ವರ್ ತಗೊಂಡು ಚೆನ್ನಾಗಿ ಅಭ್ಯಾಸ ಮಾಡಲಿ, ಹಲಗೆ ತಪ್ಪುವ .32ಕ್ಕಿಂತ ಹಲಗೆಗೆ ಬೀಳುವ .22 ಮೇಲು. ತಂಗಿ ಕೊನೆಗೆ .32 ತಗೊಂಡಳು. ಮೂರು ತಿಂಗಳು ದಿನಾ ರಾತ್ರಿ ಖಾಲಿ ರಿವಾಲ್ವರ್ ಗೋಡೆ ಕಡೆ ಹಿಡಿದು, ಕಾರ್ತೂಸು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ಟ್ರಿಗರ್ ಎಳೆದು ಎಳೆದು ಬೆರಳು ಗಟ್ಟಿ ಮಾಡಿಕೊಂಡಳು.

ಮುಚ್ಚಿಟ್ಟು ಒಯ್ಯುವ ವಿಷಯ. ನಮ್ಮಲ್ಲಿ ಕೆಲವರಿಗೆ ಅಂಗಿಯ ಮೇಲೆ ಕಾಣುವ ಹಾಗೆ ಕಟ್ಟಿಕೊಂಡು ಮದುವೆಗೆ, ಜಾತ್ರೆಗೆ ಬರುವ ಚಟ. 2016ರ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲಿ ಇರಬೇಕು. ತೋರಿಸಿಕೊಂಡು ತಿರುಗುವುದು ತಪ್ಪು. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮೇಲೆ ಹೋದ ಗುಂಡು ಕೆಳಗೆ ಬಂದೇ ಬರುತ್ತದೆ, ಅದು ಯಾರ ಮನೆಯ ಮಾಳಿಗೆ ಮೇಲೆ ಮಲಗಿದ ಮಗುವಿನ ಮೇಲೆ ಬೀಳುತ್ತದೋ ಯಾರಿಗೆ ಗೊತ್ತು.

ಗಡಿ ಜಿಲ್ಲೆಯವರಾದ ನಮಗೆ ಇನ್ನೊಂದು ತೊಡಕು. ಬೀದರಿನಿಂದ ಜಹೀರಾಬಾದ್ ಎಷ್ಟು ದೂರ? ಅಫಜಲಪುರದಿಂದ ಅಕ್ಕಲಕೋಟ? ಮಾಲು ಹಾಕಲು ಸೊಲ್ಲಾಪುರಕ್ಕೆ ಹೋಗುವವರು ಸೊಂಟದಲ್ಲಿ ಇದೆ ಅನ್ನುವುದನ್ನೇ ಮರೆತು ಗಡಿ ದಾಟುತ್ತಾರೆ. ಲೈಸೆನ್ಸಿನಲ್ಲಿ ಯಾವ ಪ್ರದೇಶಕ್ಕೆ ಊರ್ಜಿತ ಅಂತ ಬರೆದಿರುತ್ತದೆ, ಕರ್ನಾಟಕಕ್ಕೆ ಮಾತ್ರ ಇದ್ದರೆ ಗಡಿಯ ಆಚೆ ನೀವು ಲೈಸೆನ್ಸ್ ಇಲ್ಲದವರ ಹಾಗೇ.

ಲೈಸೆನ್ಸ್ ಸಿಗದೆ, ಕಾಯಲಾರದೆ ನಾಡ ಪಿಸ್ತೂಲು ತಗೊಳ್ಳುವ ಹುಡುಗರಿಗೂ ಹೇಳುತ್ತೇನೆ. ಭೀಮಾ ತೀರ ಅಂದ ಕೂಡಲೇ ಪಿಸ್ತೂಲು ಅಂತ ಹೊರಗಿನವರು ಹೆಸರು ಕೆಡಿಸಿದ್ದಾರೆ, ಅಲ್ಲಿ ಬಾಳುವ ಜನ ಕಬ್ಬು, ತೊಗರಿ ಬೆಳೆದು ಉಣ್ಣುವವರು. ಆ ಹೆಸರಿಗೆ ಇನ್ನಷ್ಟು ಮಸಿ ಬಳಿಯಬೇಡಿ. ಕಾರ್ಖಾನೆಯ ಬಂದೂಕನ್ನು ಜಾಸ್ತಿ ಮದ್ದಿನ ಕಾರ್ತೂಸು ಹಾಕಿ ಪರೀಕ್ಷೆ ಮಾಡಿ, ಮುದ್ರೆ ಒತ್ತಿ ಹೊರಗೆ ಬಿಡುತ್ತಾರೆ. ನಾಡ ಪಿಸ್ತೂಲಿನ ನಳಿಕೆ ಯಾವ ಪೈಪಿನದೋ, ಯಾವ ಉಕ್ಕಿನದೋ ಮಾಡಿದವನಿಗೇ ಗೊತ್ತಿರುವುದಿಲ್ಲ. ಬೀಳಿಸಿದರೆ ಹಾರುತ್ತದೆ, ಹಾರಿಸಿದರೆ ಕೈಯಲ್ಲೇ ಸಿಡಿಯಬಹುದು. ಸಿಕ್ಕಿಬಿದ್ದರೆ ಲೈಸೆನ್ಸ್ ಇಲ್ಲದ ಬಂದೂಕಿಗೆ ಕಡಿಮೆ ಅಂದರೂ ಎರಡು ವರ್ಷ, ಐದರವರೆಗೆ ಶಿಕ್ಷೆ. ಅದು 9 ಎಂಎಂ ಹಾರಿಸುವಂಥದ್ದಾದರೆ ನಿಷೇಧಿತ ಆಯುಧ, ಏಳು ವರ್ಷದಿಂದ ಹದಿನಾಲ್ಕು.

ಲೈಸೆನ್ಸ್ ಇದ್ದ ಮಾತ್ರಕ್ಕೆ ಹೊಡೆಯುವ ಹಕ್ಕು ಬಂತು ಅಂತಲೂ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿ ಆತ್ಮರಕ್ಷಣೆಯ ಹಕ್ಕು ಇದೆ. ರಕ್ಷಣೆಗೆ ಬೇಕಾದಷ್ಟೇ, ಅದಕ್ಕಿಂತ ಜಾಸ್ತಿ ಪೆಟ್ಟು ಕೊಡಬಾರದು ಅಂತ ಅದರಲ್ಲೇ ಇದೆ. ರೊಕ್ಕ ಕಿತ್ತುಕೊಂಡು ಓಡುವವನ ಬೆನ್ನಿಗೆ ಹೊಡೆದರೆ ಕೋರ್ಟಿನಲ್ಲಿ ಏನು ಹೇಳ್ತೀರಿ? 2006ರಲ್ಲಿ ಅವರು ಬೈಕ್ ತಿರುಗಿಸಿ ಹೋಗುವಾಗ ನನ್ನ ಕೈಯಲ್ಲಿ ರಿವಾಲ್ವರ್ ಇದ್ದಿದ್ದರೆ ನಾನು ಖಂಡಿತ ಹೊಡೆಯುತ್ತಿದ್ದೆ, ಆ ಸಿಟ್ಟು ಹಾಗಿತ್ತು. ಹೊಡೆದಿದ್ದರೆ ಇವತ್ತು ಮಿಲ್ಲಿನಲ್ಲಿ ಕೂತು ಈ ಪತ್ರ ಬರೆಯುತ್ತಿರಲಿಲ್ಲ. ರೊಕ್ಕ ಆರು ತಿಂಗಳಲ್ಲಿ ಮತ್ತೆ ದುಡಿದೆ.

ಚುನಾವಣೆ ಬಂದಾಗ ಬಂದೂಕು ಠಾಣೆಯಲ್ಲಿ ಇಡಬೇಕು, ಇಡುತ್ತೇವೆ, ತಕರಾರಿಲ್ಲ. 2023ರ ವಿಧಾನಸಭೆಗೂ ಇಟ್ಟೆ, 2024ರ ಲೋಕಸಭೆಗೂ ಇಟ್ಟೆ. ಎರಡನೇ ಸಲ ವಾಪಸ್ ತಂದು ಅದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ನಳಿಕೆಯ ಬಾಯಿಗೆ ಕೆಂಪು ತುಕ್ಕು. ಯಾವ ಠಾಣೆ ಅಂತ ಹೇಳುವುದಿಲ್ಲ, ಅಲ್ಲಿನವರ ಮೇಲೆ ಕೆಲಸದ ಹೊರೆ ಎಷ್ಟಿರುತ್ತದೆ ಅಂತ ನೋಡಿದ್ದೇನೆ. ಆದರೆ ನೂರಾರು ಬಂದೂಕುಗಳನ್ನು ಗೋಣಿಚೀಲದ ಮೇಲೆ ರಾಶಿ ಹಾಕುವ ಬದಲು ಒಂದು ಕಬ್ಬಿಣದ ರ್‍ಯಾಕ್ ಮಾಡಿಸಬಹುದಲ್ವಾ? ಅಲ್ಲಿಯವರೆಗೆ ನೀವು ಕೊಡುವ ಮುಂಚೆ ನಳಿಕೆಗೆ, ಸಿಲಿಂಡರಿಗೆ ದಪ್ಪ ಎಣ್ಣೆ ಹಚ್ಚಿ, ರಶೀದಿಯಲ್ಲಿ ಬಂದೂಕಿನ ನಂಬರ್ ಬರೆಸಿಕೊಳ್ಳಿ. ವಾಪಸ್ ಬಂದ ಮೇಲೆ ನಳಿಕೆ ಒರೆಸದೆ ಕಾರ್ತೂಸು ತುಂಬಬೇಡಿ.

ಈಗ ನನ್ನ ಕೋರಿಕೆ. ಹೊಸದಾಗಿ ಲೈಸೆನ್ಸ್ ಕೇಳುವವರು ತರಬೇತಿಯ ಪ್ರಮಾಣಪತ್ರ ತರಬೇಕು ಅಂತ ನಿಯಮ ಇದೆ, ಒಳ್ಳೆಯದು. ಆದರೆ ಅದು ಒಂದು ಸಲದ ಕೆಲಸ. ಲೈಸೆನ್ಸ್ ನಡೆಯುವುದು ಐದು ವರ್ಷ, ಆಮೇಲೆ ನವೀಕರಣ, ಮತ್ತೆ ಐದು ವರ್ಷ. ನನ್ನ ಹಾಗೆ ಎಷ್ಟೋ ವರ್ಷ ಹಿಂದೆ ತಗೊಂಡವರು ಎಷ್ಟು ಜನ ಇದ್ದಾರೋ, ಒಂದೂ ಗುಂಡು ಹಾರಿಸದವರು. ನಮ್ಮ ರಾಜ್ಯದಲ್ಲಿ ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಅಂತ ಶಿಬಿರ ನಡೆಸುವ ಪದ್ಧತಿ ಇದೆ. ಮೈದಾನ ಅವರದೇ, ಕಲಿಸುವ ಅನುಭವಿಗಳೂ ಅವರಲ್ಲೇ ಇದ್ದಾರೆ. ಆ ಶಿಬಿರದಲ್ಲಿ ಸೇರುವವರಿಗೆ ರೈಫಲ್ ಹಿಡಿಯಲು ಕಲಿಸುತ್ತಾರೆ. ಅದರ ಜೊತೆಗೆ ವರ್ಷಕ್ಕೆ ಎರಡು ದಿನ, ಕೈಬಂದೂಕು ಇರುವ ಲೈಸೆನ್ಸುದಾರರನ್ನು ಅವರವರ ರಿವಾಲ್ವರ್, ಪಿಸ್ತೂಲು ಸಮೇತ ಕರೆಯಿರಿ ಅನ್ನುವುದು ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯ ಅಧಿಕಾರಿಗಳಲ್ಲಿ ನನ್ನ ಬೇಡಿಕೆ. ಶುಲ್ಕ ಹಾಕಿ, ಕೊಡುತ್ತೇವೆ. ಎಷ್ಟು ಗುಂಡು ಹಾರಿತು ಅಂತ ಅಲ್ಲೇ ಲೈಸೆನ್ಸ್ ಪುಸ್ತಕದಲ್ಲಿ ಬರೆದು ಸಹಿ ಹಾಕಿ, ಖಾಲಿ ಕೇಸು ನೀವೇ ಇಟ್ಟುಕೊಳ್ಳಿ, ಲೆಕ್ಕದ ಭಯ ನಮಗೂ ತಪ್ಪುತ್ತದೆ, ಕಾರ್ತೂಸು ಕಳ್ಳದಾರಿ ಹಿಡಿಯುವುದೂ ತಪ್ಪುತ್ತದೆ. ಹತ್ತು ಹೆಜ್ಜೆ ದೂರದಲ್ಲಿ ಹಲಗೆ ಇಡಿ. ಆರರಲ್ಲಿ ನಾಲ್ಕು ತಾಗಿಸಲಾರದವರಿಗೆ, ಕಲಿತು ಬರುವವರೆಗೆ ತುಂಬಿದ ಬಂದೂಕು ಹೊರಗೆ ಒಯ್ಯಬೇಡಿ ಅಂತ ಬರೆದುಕೊಡಿ. ಕೆಲವರಿಗೆ ಇದು ಅವಮಾನ ಅನ್ನಿಸಬಹುದು. 2019ರಲ್ಲಿ ಹಾಗೆ ಯಾರಾದರೂ ನನಗೆ ಬರೆದುಕೊಟ್ಟಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆ, ಯಾಕೆಂದರೆ ತಪ್ಪಿದ ಆ ಮೂರು ಗುಂಡುಗಳ ಜಾಗ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಗಂಜಿನಲ್ಲಿ ನನಗೆ ಗೊತ್ತಿರುವ ಲೈಸೆನ್ಸುದಾರರೇ ಹನ್ನೊಂದು ಜನ ಇದ್ದೇವೆ, ತಂಗಿ ಸೇರಿದರೆ ಹನ್ನೆರಡು. ಎಲ್ಲರೂ ಸಹಿ ಮಾಡಿದ ಅರ್ಜಿ ಕೊಟ್ಟಿದ್ದೇವೆ. ಜೂನಿನಲ್ಲಿ ಬಿತ್ತನೆ ಶುರುವಾಗುವ ಮುಂಚೆ ಯಾವ ದಿನ ಹೇಳಿದರೂ ಬೆಳಗ್ಗೆ ಆರಕ್ಕೆ ಮೈದಾನದಲ್ಲಿ ಇರುತ್ತೇವೆ. ಹಲಗೆ, ಮರಳಿನ ಚೀಲ, ಕಿವಿಗೆ ಹಾಕುವ ಮಫ್ ಎಲ್ಲದರ ಖರ್ಚೂ ನಮ್ಮದೇ.

ಇಂತಿ,
ಒಬ್ಬ ದಾಲ್ ಮಿಲ್ ಮಾಲೀಕ
ಕಲಬುರಗಿ